ದಾರಿ ಇಲ್ಲದ ಹೊಲ, ಏಣಿ ಹಿಡಿದ ಬೇಟೆಗಾರರು

2021ರಲ್ಲಿ ಅಮೆರಿಕದ ಮಿಸೌರಿ ರಾಜ್ಯದ ಕೆಲವು ಬೇಟೆಗಾರರು ವಯೋಮಿಂಗ್‌ನ ಎಲ್ಕ್ ಮೌಂಟನ್ ಕಡೆ ಹೊರಟಾಗ, ಬೇಟೆ ಸಾಮಾನಿನ ಜೊತೆ ಒಂದು ಕಬ್ಬಿಣದ ಏಣಿಯನ್ನೂ ಗಾಡಿಗೆ ಹೇರಿಕೊಂಡಿದ್ದರು. ಅದಕ್ಕೆಂದೇ ಮಾಡಿಸಿದ ಏಣಿ. ಮರ ಹತ್ತುವುದಕ್ಕಲ್ಲ, ಬೆಟ್ಟ ಹತ್ತುವುದಕ್ಕೂ ಅಲ್ಲ. ನೆಲದಲ್ಲಿ ನೆಟ್ಟ ಒಂದು ಸರ್ವೆ ಗುರುತನ್ನು ದಾಟುವುದಕ್ಕೆ! ಅಮೆರಿಕದ ಸರ್ಕಾರಿ ಜಮೀನು ಮಾರುವ ಮಾತು ಬಂದಾಗಲೆಲ್ಲ ನನಗೆ ಈ ಏಣಿ ನೆನಪಾಗುತ್ತದೆ.

ಅಲ್ಲಿನ ನಕ್ಷೆ ನೋಡಿದರೆ ಚದುರಂಗದ ಹಾಸು ನೆನಪಾಗುತ್ತದೆ. ಒಂದು ಮೈಲಿ ಉದ್ದ, ಒಂದು ಮೈಲಿ ಅಗಲದ 640 ಎಕರೆಯ ಚೌಕಗಳು. ಒಂದು ಸರ್ಕಾರದ್ದು, ಪಕ್ಕದ್ದು ಖಾಸಗಿ, ಮತ್ತೆ ಸರ್ಕಾರದ್ದು, ಮತ್ತೆ ಖಾಸಗಿ. 1860ರ ದಶಕದಲ್ಲಿ ರೈಲು ಹಳಿ ಹಾಕಲು ಕಂಪನಿಗಳಿಗೆ ದುಡ್ಡಿನ ಬದಲು ಒಂದು ಬಿಟ್ಟು ಒಂದು ಚೌಕ ಕೊಟ್ಟಿದ್ದರು. ಅದರ ಫಲ ಇದು. ಎರಡು ಸರ್ಕಾರಿ ಚೌಕಗಳು ತಾಗುವುದು ಮೂಲೆಯಲ್ಲಿ ಮಾತ್ರ. ಆ ಮೂಲೆಗೆ ಅಗಲ ಅಂತ ಒಂದು ಇಂಚೂ ಇಲ್ಲ, ಅದೊಂದು ಚುಕ್ಕಿ. ಈ ಚೌಕದಿಂದ ಮೂಲೆಯ ಆಚೆಗಿನ ಚೌಕಕ್ಕೆ ಹೆಜ್ಜೆ ಇಟ್ಟರೆ ಭುಜವಾದರೂ ಖಾಸಗಿ ಜಮೀನಿನ ಮೇಲಿನ ಗಾಳಿಯಲ್ಲಿ ಹಾದುಹೋಗಲೇಬೇಕು.

ಹಿಂದಿನ ವರ್ಷ ಈ ಬೇಟೆಗಾರರು ಬಂದಾಗ ಆ ಚುಕ್ಕಿಯ ಎರಡೂ ಬದಿ ಕಂಬ ನೆಟ್ಟು, ನಡುವೆ ಸರಪಳಿ ಬಿಗಿದು, ‘ಪ್ರವೇಶವಿಲ್ಲ’ ಬೋರ್ಡು ತೂಗುಹಾಕಿದ್ದರು. ಬೇಟೆಗಾರರು ಆ ಕಂಬ ಹಿಡಿದು ಸುತ್ತಿ ಆಚೆ ಹೋಗಿದ್ದರು. ಮರುವರ್ಷ ಏಣಿ ತಂದರು. ಕಂಬವನ್ನೂ ಮುಟ್ಟಬಾರದು, ಖಾಸಗಿ ಮಣ್ಣನ್ನೂ ತುಳಿಯಬಾರದು ಅಂತ. ಸುತ್ತಲಿನ ರ್‍ಯಾಂಚ್ ಅಂದರೆ ಖಾಸಗಿಯವರ ದೊಡ್ಡ ಜಮೀನು, ಸುಮಾರು 22 ಸಾವಿರ ಎಕರೆ. ಅದರ ನಡುವೆ ಹೆಣೆದುಕೊಂಡಿರುವ ಸರ್ಕಾರಿ ಜಮೀನು ಸುಮಾರು 11 ಸಾವಿರ ಎಕರೆ. ಕಾಗದದಲ್ಲಿ ಅದು ಎಲ್ಲರದ್ದು. ಒಳಗೆ ಹೋಗುವುದು ಮಾತ್ರ ಕಷ್ಟ.

ಅತಿಕ್ರಮ ಪ್ರವೇಶದ ಕೇಸು ಬಿತ್ತು. 2022ರಲ್ಲಿ ಜ್ಯೂರಿ ಅವರನ್ನು ಖುಲಾಸೆ ಮಾಡಿತು. ಅಷ್ಟಕ್ಕೆ ನಿಲ್ಲಲಿಲ್ಲ. ಜಮೀನಿನ ಬೆಲೆ ಕುಸಿಯುತ್ತದೆ ಅಂತ ಮಾಲೀಕರು ಲಕ್ಷಾಂತರ ಡಾಲರ್ ಕೇಳಿ ಸಿವಿಲ್ ದಾವೆ ಹೂಡಿದರು. ಈ ವಾದವನ್ನು ಸ್ವಲ್ಪ ನಿಧಾನವಾಗಿ ನೋಡಿ. ಜನರ ಜಮೀನಿಗೆ ಜನ ಬಾರದಂತೆ ತಡೆಯುವ ಶಕ್ತಿಯೇ ಆ ರ್‍ಯಾಂಚಿನ ಬೆಲೆಯ ಒಂದು ಭಾಗ. ಅಂದರೆ ಸರ್ಕಾರಿ ಚೌಕಗಳನ್ನು ಬೇಲಿಯೊಳಗೆ ಪುಕ್ಕಟೆ ಸೇರಿಸಿಕೊಂಡೇ ಆ ಬೆಲೆ ಕಟ್ಟಿದ್ದು.

ಬೇಟೆ ಅಂದ ಕೂಡಲೇ ನಮ್ಮಲ್ಲಿ ಹಲವರು ಮೂಗು ಮುರಿಯುತ್ತಾರೆ. ಸಹಜವೇ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ನಮಗೆ ಬೇಟೆ ಅಂದರೆ ಕೇಸು, ಜೈಲು. ಅಮೆರಿಕದ ಲೆಕ್ಕ ಬೇರೆ. ಕಾಡುಪ್ರಾಣಿ ಅಲ್ಲಿ ಜಮೀನು ಮಾಲೀಕನದ್ದಲ್ಲ, ಜನರ ಪರವಾಗಿ ರಾಜ್ಯ ನೋಡಿಕೊಳ್ಳುವ ಸೊತ್ತು. ಎಷ್ಟು ಹೊಡೆಯಬಹುದು, ಯಾವಾಗ, ಯಾವ ಆಯುಧದಿಂದ ಅನ್ನುವುದೆಲ್ಲ ರಾಜ್ಯದ ನಿಯಮ. ಪಶ್ಚಿಮದ ರಾಜ್ಯಗಳಲ್ಲಿ ಒಳ್ಳೆ ಜಾಗದ ಪರವಾನಗಿಗೆ ಲಾಟರಿ ಎತ್ತುತ್ತಾರೆ, ವರ್ಷಗಟ್ಟಲೆ ಕಾಯುವವರಿದ್ದಾರೆ. ಬಂದೂಕು, ಗುಂಡಿನ ಮೇಲೆ 1937ರ ಕಾನೂನಿನ ಪ್ರಕಾರ 11 ಶೇಕಡಾ ತೆರಿಗೆ ಇದೆ. ಮೀನು ಹಿಡಿಯುವ ಸಾಮಾನಿನ ಮೇಲೆ 1950ರಿಂದ ಅಂಥದ್ದೇ ಇನ್ನೊಂದು. ಆ ದುಡ್ಡು ರಾಜ್ಯಗಳ ವನ್ಯಜೀವಿ, ಮೀನುಗಾರಿಕೆ ಇಲಾಖೆಗಳಿಗೆ ಹೋಗುತ್ತದೆ. 2022ರ ರಾಷ್ಟ್ರೀಯ ಸಮೀಕ್ಷೆ ಪ್ರಕಾರ ಅಲ್ಲಿ ಬೇಟೆಯಾಡುವವರು 1.44 ಕೋಟಿ, ಗಾಳ ಹಾಕುವವರು ಸುಮಾರು 4 ಕೋಟಿ. ಇವರೆಲ್ಲ ಶೋಕಿಲಾಲರಲ್ಲ. ಎಲ್ಕ್ ಅಂದರೆ ನಮ್ಮ ಕಡವೆಯ ದೊಡ್ಡಪ್ಪನ ಮಗ ಇದ್ದ ಹಾಗೆ. ಒಂದು ಸಿಕ್ಕರೆ ಮನೆಯ ಫ್ರೀಜರ್ ತುಂಬುತ್ತದೆ, ಚಳಿಗಾಲದ ಮಾಂಸಕ್ಕೆ ಚಿಂತೆ ಇಲ್ಲ.

ಮೆಕ್ಯಾನಿಕ್ಕು, ಮೇಷ್ಟ್ರು, ಲಾರಿ ಡ್ರೈವರ್ ಎಲ್ಲರೂ ಕಾಡಿಗೆ ಹೋಗಬಲ್ಲರು ಅನ್ನುವ ಈ ಏರ್ಪಾಡು ನಿಂತಿರುವುದೇ ಸರ್ಕಾರಿ ಜಮೀನಿನ ಮೇಲೆ. ಕೇಂದ್ರ ಸರ್ಕಾರದ ಕೈಯಲ್ಲಿ ಸುಮಾರು 64 ಕೋಟಿ ಎಕರೆ ಇದೆ. ಹದಿಮೂರು ಕರ್ನಾಟಕ ಅದರೊಳಗೆ ಹಿಡಿಸುತ್ತವೆ. ಅದರಲ್ಲಿ 24.5 ಕೋಟಿ ಎಕರೆ ಬ್ಯೂರೋ ಆಫ್ ಲ್ಯಾಂಡ್ ಮ್ಯಾನೇಜ್‌ಮೆಂಟ್‌ದು, ಎಲ್ಲರ ಬಾಯಲ್ಲಿ ಬಿಎಲ್ಎಂ. 19.3 ಕೋಟಿ ಎಕರೆ ಅರಣ್ಯ ಸೇವೆಯದ್ದು. ನೆವಾಡ ರಾಜ್ಯದ ಸುಮಾರು 80 ಶೇಕಡಾ, ಯೂಟಾದ 60 ಶೇಕಡಾಕ್ಕಿಂತ ಜಾಸ್ತಿ ನೆಲ ಕೇಂದ್ರದ್ದು. ಈ ನೆಲದಲ್ಲಿ ದನ ಮೇಯುತ್ತವೆ, ಗಣಿ ಇವೆ, ತೈಲಬಾವಿ ಇವೆ. ಬೇಟೆಗಾರನೂ ಇದ್ದಾನೆ. ನಮ್ಮ ಗೋಮಾಳವನ್ನು ಲಕ್ಷ ಪಟ್ಟು ಹಿಗ್ಗಿಸಿದರೆ ಹೇಗೋ ಹಾಗೆ.

ಅಮೆರಿಕದಲ್ಲಿರುವ ನಮ್ಮ ಕನ್ನಡಿಗರಿಗೂ ಇದು ಗೊತ್ತಿರುವ ನೆಲವೇ. ಯೂಟಾದ ಮೋಆಬ್ ಸುತ್ತ ಕೆಂಪು ಬಂಡೆಗಳ ನಡುವೆ ಟೆಂಟು ಹಾಕಿ ಫೋಟೊ ಹಾಕುತ್ತಾರಲ್ಲ, ಅದರಲ್ಲಿ ಎಷ್ಟೋ ಜಾಗ ಬಿಎಲ್ಎಂದು. ಇಂಥ ಜಾಗಗಳಲ್ಲಿ ಸಾಮಾನ್ಯವಾಗಿ ಹದಿನಾಲ್ಕು ದಿನ ಬಿಟ್ಟಿಯಾಗಿ ಬಿಡಾರ ಹೂಡಬಹುದು. ವೀಸಾ ಯಾವುದು ಅಂತ ಯಾರೂ ಕೇಳುವುದಿಲ್ಲ.

ಈಗ 2025ರ ಜೂನ್‌ಗೆ ಬರೋಣ. ಟ್ರಂಪ್ ಸರ್ಕಾರದ ದೊಡ್ಡ ತೆರಿಗೆ ಮಸೂದೆ ಸೆನೆಟ್‌ನಲ್ಲಿತ್ತು. ಯೂಟಾದ ಸೆನೆಟರ್ ಮೈಕ್ ಲೀ ಅದರೊಳಗೆ ಒಂದು ಪ್ರಸ್ತಾವ ಸೇರಿಸಿದರು. ಬಿಎಲ್ಎಂ ಮತ್ತು ಅರಣ್ಯ ಸೇವೆಯ ಜಮೀನಿನಲ್ಲಿ 0.5ರಿಂದ 0.75 ಶೇಕಡಾ ಐದು ವರ್ಷದೊಳಗೆ ಮಾರಬೇಕು. 11 ರಾಜ್ಯಗಳಲ್ಲಿ ಒಟ್ಟು 22ರಿಂದ 33 ಲಕ್ಷ ಎಕರೆ. ಮನೆಗಳ ಕೊರತೆ ನೀಗಿಸಲು ಅನ್ನುವುದು ಕಾರಣ. ರಾಷ್ಟ್ರೀಯ ಉದ್ಯಾನ, ಸ್ಮಾರಕಗಳನ್ನು ಬಿಟ್ಟಿದ್ದರು. ಮೊಂಟಾನ ರಾಜ್ಯವನ್ನೂ ಬಿಟ್ಟಿದ್ದರು. ಅಲ್ಲಿನ ರಿಪಬ್ಲಿಕನ್ ಸದಸ್ಯರೇ ಮಾರಾಟಕ್ಕೆ ಒಪ್ಪುವವರಲ್ಲ, ವೋಟು ಕೈತಪ್ಪುತ್ತದೆ ಅಂತ ಎಲ್ಲರಿಗೂ ಗೊತ್ತಿತ್ತು.

0.5 ಶೇಕಡಾ ಅಂದರೆ ಎಷ್ಟು ಮಹಾ ಅಂತ ಅನಿಸುತ್ತದೆ, ಅಲ್ವಾ? ಮಾರಾಟದ ಪರ ಇದ್ದವರ ದೊಡ್ಡ ಅಸ್ತ್ರವೂ ಅದೇ. 33 ಲಕ್ಷ ಎಕರೆ ಅಂದರೆ ಬೆಂಗಳೂರು ನಗರ ಜಿಲ್ಲೆಯಂಥವು ಆರು. ಆದರೂ ಒಟ್ಟು ಲೆಕ್ಕದಲ್ಲಿ ಅದು ಚೂರೇ ಸರಿ. ನನ್ನ ತಕರಾರು ಇರುವುದು ಈ ಶೇಕಡಾವಾರು ಲೆಕ್ಕದ ಮೇಲೆಯೇ. ಬೇಟೆಗೆ, ಮೀನಿಗೆ ಹೋಗುವವನಿಗೆ ಎಕರೆ ಮುಖ್ಯ ಅಲ್ಲ, ದಾರಿ ಮುಖ್ಯ.

ಹಳ್ಳಿಯಲ್ಲಿ ಜಮೀನು ಕೊಳ್ಳುವವರು ಮೊದಲು ಏನು ನೋಡುತ್ತಾರೆ? ಗ್ರಾಮ ನಕ್ಷೆ ಬಿಡಿಸಿ ಬಂಡಿದಾರಿ ಎಲ್ಲಿದೆ ಅಂತ ಹುಡುಕುತ್ತಾರೆ. ದಾರಿ ಇಲ್ಲದ ಹೊಲ ನಾಲ್ಕು ಎಕರೆ ಇದ್ದರೇನು, ನಲವತ್ತು ಇದ್ದರೇನು. ಬಿತ್ತನೆ ದಿನ ಪಕ್ಕದವನ ಮುಂದೆ ಹಲ್ಲು ಗಿಂಜುತ್ತಾ ನಿಲ್ಲಬೇಕು. ಅವನು ಮುನಿಸಿಕೊಂಡರೆ ಟ್ರ್ಯಾಕ್ಟರ್ ರಸ್ತೆಯಲ್ಲೇ. ಅಮೆರಿಕದ ಪಶ್ಚಿಮದಲ್ಲಿ ಇಂಥ ದಾರಿ ಇಲ್ಲದ ಕೇಂದ್ರದ ಜಮೀನು ಈಗಾಗಲೇ 95 ಲಕ್ಷ ಎಕರೆ ಇದೆ ಅಂತ ಬೇಟೆಗಾರರ ನಕ್ಷೆ ಆ್ಯಪ್ ಮಾಡುವ ಆನ್‌ಎಕ್ಸ್ ಕಂಪನಿಯೂ ಒಂದು ಸಂರಕ್ಷಣಾ ಸಂಘವೂ ಸೇರಿ 2018ರಲ್ಲಿ ಲೆಕ್ಕ ಹಾಕಿದವು. ಸುತ್ತ ಖಾಸಗಿ ಜಮೀನು, ಒಳಗೆ ಹೋಗಲು ಒಂದೇ ಒಂದು ಸಾರ್ವಜನಿಕ ರಸ್ತೆಯೂ ಇಲ್ಲ. ಮೂಲೆಯಲ್ಲಿ ಮಾತ್ರ ತಾಗುವ, ಏಣಿ ಬೇಕಾಗುವಂಥ ಜಮೀನು ಸುಮಾರು 83 ಲಕ್ಷ ಎಕರೆ ಅಂತ 2022ರಲ್ಲಿ ಅದೇ ಆನ್‌ಎಕ್ಸ್ ಎಣಿಸಿತು.

ಈ ನಕ್ಷೆ ಆ್ಯಪ್‌ಗಳ ವಿಷಯ ಒಂದು ಮಾತು. ಹಿಂದೆ ಯಾವುದು ಯಾರ ಜಮೀನು ಅಂತ ಬೇಲಿ ನೋಡಿ, ಊರವರನ್ನು ಕೇಳಿ ತಿಳಿಯಬೇಕಿತ್ತು. ಅನುಮಾನ ಬಂದರೆ ವಾಪಸ್. ಈಗ ಜೇಬಿನ ಫೋನಿನಲ್ಲಿ ಬಣ್ಣಬಣ್ಣದ ಚೌಕಗಳು, ನಡುವೆ ನಾವು ನಿಂತಿರುವ ಚುಕ್ಕಿ. ಏಣಿ ಇಟ್ಟುಕೊಂಡು ಅಷ್ಟು ಧೈರ್ಯವಾಗಿ ಹೊರಟಿದ್ದೂ ಆ ಚುಕ್ಕಿಯ ಬಲದಿಂದಲೇ.

ಈಗ ಯೋಚಿಸಿ. ಬೆಟ್ಟದ ಬುಡದಲ್ಲಿ, ಡಾಂಬರು ರಸ್ತೆಗೆ ಅಂಟಿಕೊಂಡು ನೂರು ಎಕರೆ ಬಿಎಲ್ಎಂ ಜಮೀನಿದೆ. ಅದರ ಮೇಲೆ ಹಾದುಹೋಗುವ ಮಣ್ಣಿನ ದಾರಿ ಹಿಂದಿನ ಹತ್ತು ಸಾವಿರ ಎಕರೆ ಕಾಡಿಗೆ ಹೋಗುತ್ತದೆ. ಆ ನೂರು ಎಕರೆ ಮಾರಿದರೆ ಲೆಕ್ಕಪತ್ರದಲ್ಲಿ ಹೋಗುವುದು ನೂರೇ ಎಕರೆ. ಮಾರಾಟದ ಪತ್ರದಲ್ಲಿ ದಾರಿಯ ಹಕ್ಕನ್ನು ಸರ್ಕಾರ ಉಳಿಸಿಕೊಳ್ಳದಿದ್ದರೆ ಬೇಟೆಗಾರನ ಪಾಲಿಗೆ ಹತ್ತು ಸಾವಿರವೂ ಹೋಯಿತು. ಕಾಡು ಅಲ್ಲೇ ಇರುತ್ತದೆ. ಅದಕ್ಕೆ ದಾರಿ ಇರುವುದು ಹೊಸ ಮಾಲೀಕನಿಗೆ ಮಾತ್ರ.

ಮನೆ ಕಟ್ಟಲು ಬೇಕಾಗುವ ಜಮೀನು ಯಾವುದು? ಊರಿಗೆ ಹತ್ತಿರದ್ದು, ರಸ್ತೆ ಇರುವುದು, ನೀರು ಬರುವುದು, ತಗ್ಗಿನಲ್ಲಿರುವುದು. ಸಂಜೆ ಕೆಲಸ ಮುಗಿಸಿ ಮಗನನ್ನು ಕರೆದುಕೊಂಡು ಗಾಳ ಹಾಕಲು ಹೋಗುವವನಿಗೆ ಬೇಕಾದ ಜಾಗವೂ ಅದೇ. ಚಳಿಗಾಲದಲ್ಲಿ ಬೆಟ್ಟದ ಹಿಮದಿಂದ ಕೆಳಗಿಳಿಯುವ ಮ್ಯೂಲ್ ಜಿಂಕೆಗಳಿಗೂ ಬೇಕಾದದ್ದು ಅದೇ. ತಗ್ಗಿನ ಸೇಜ್‌ಬ್ರಷ್ ಪೊದೆಗಳ ಬಯಲಿನಲ್ಲಿ ಅವು ಮಾರ್ಚ್ ತನಕ ಹೇಗೋ ಜೀವ ಹಿಡಿದುಕೊಂಡಿರುತ್ತವೆ. ವಯೋಮಿಂಗ್‌ನಲ್ಲಿ ಒಂದು ಹಿಂಡು ರೆಡ್ ಡೆಸರ್ಟ್‌ನಿಂದ ಹೋಬ್ಯಾಕ್ ತನಕ 150 ಮೈಲಿ ನಡೆಯುತ್ತದೆ. ಚಳಿಗಾಲದ ಬಯಲಿಗೆ ಬಡಾವಣೆ ಬಂದರೆ ಬೆಟ್ಟದ ಮೇಲಿನ ಕಾಡು ಎಷ್ಟು ದೊಡ್ಡದಿದ್ದರೂ ಜಿಂಕೆ ಕಡಿಮೆಯಾಗುತ್ತದೆ. ಬೇಟೆಯ ಪರವಾನಗಿಯೂ ಕಡಿಮೆಯಾಗುತ್ತದೆ. ವಿರೋಧ ಜೋರಾದ ಮೇಲೆ ಸೆನೆಟರ್ ಲೀ ಅರಣ್ಯ ಸೇವೆಯ ಜಮೀನನ್ನು ಕೈಬಿಟ್ಟು, ಊರುಗಳಿಂದ ಐದು ಮೈಲಿ ಒಳಗಿನ ಬಿಎಲ್ಎಂ ಜಮೀನು ಮಾತ್ರ ಅಂದರು. ಕೇಳಲು ಇದು ಔದಾರ್ಯದ ಹಾಗಿದೆ. ಬೇಟೆಗಾರರಿಗೆ ಮಾತ್ರ ಜಾಸ್ತಿ ಕೆಲಸಕ್ಕೆ ಬರುವುದು ಆ ಐದು ಮೈಲಿಯೇ.

ಮೀನಿನ ವಿಷಯ ಇನ್ನೂ ನಾಜೂಕು. ಮೊಂಟಾನದಲ್ಲಿ 1985ರ ಕಾನೂನಿನ ಪ್ರಕಾರ ಹೊಳೆ ಯಾರ ಜಮೀನಿನಲ್ಲಿ ಹರಿದರೂ, ನೀರು ಏರಿದಾಗ ಮುಟ್ಟುವ ಗುರುತಿನ ಒಳಗೆ ಯಾರು ಬೇಕಾದರೂ ನಡೆದು ಗಾಳ ಹಾಕಬಹುದು. ಆದರೆ ಹೊಳೆಗೆ ಇಳಿಯಲು ಒಂದು ಸೇತುವೆಯೋ ಸಾರ್ವಜನಿಕ ದಡವೋ ಬೇಕು. ಖಾಸಗಿ ಹೊಲ ದಾಟಿ ಬರುವ ಹಾಗಿಲ್ಲ. ಹಾಗಾಗಿ ಅಲ್ಲಿ ದಡದ ಒಂದು ಎಕರೆ ಜಾಗ ಮೈಲಿಗಟ್ಟಲೆ ಹೊಳೆಗೆ ಬಾಗಿಲು. ಕೊಲರಾಡೊದಲ್ಲಿ ಅಷ್ಟೂ ಇಲ್ಲ. ಖಾಸಗಿ ಜಮೀನಿನ ನಡುವೆ ಹರಿಯುವ ಹೊಳೆಯ ತಳವೂ ಖಾಸಗಿ ಅನ್ನುವುದು ಅಲ್ಲಿನ ರೂಢಿ. ಅರ್ಕಾನ್ಸಾ ನದಿಯಲ್ಲಿ ಮಂಡಿಮಟ್ಟದ ನೀರಿನಲ್ಲಿ ನಿಂತು ಟ್ರೌಟ್ ಹಿಡಿಯುತ್ತಿದ್ದ ಹಿರಿಯರೊಬ್ಬರ ಮೇಲೆ ದಡದಿಂದ ಕಲ್ಲು ಬಿದ್ದವು. ಅವರು ಕೋರ್ಟಿಗೆ ಹೋದರು. 1876ರಲ್ಲಿ ಕೊಲರಾಡೊ ರಾಜ್ಯವಾದಾಗ ಈ ನದಿಯಲ್ಲಿ ಮರದ ದಿಮ್ಮಿ ತೇಲಿಸುತ್ತಿದ್ದರು, ಆದ್ದರಿಂದ ತಳ ರಾಜ್ಯದ್ದು ಅಂತ ಅವರ ವಾದ. 2023ರಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ಆ ವಾದ ಸರಿಯೋ ತಪ್ಪೋ ಅಂತ ನೋಡಲೇ ಇಲ್ಲ. ಈ ದಾವೆ ಹೂಡುವ ಹಕ್ಕೇ ನಿಮಗಿಲ್ಲ ಅಂದುಬಿಟ್ಟಿತು.

ಮಾರಿದ ಮೇಲೆ ಏನಾಗುತ್ತದೆ ಅನ್ನುವುದಕ್ಕೆ ಊಹೆ ಬೇಕಿಲ್ಲ. ಒಕ್ಕೂಟಕ್ಕೆ ಸೇರುವಾಗ ರಾಜ್ಯಗಳಿಗೆ ಶಾಲೆ ನಡೆಸಲು ಅಂತ ಕೇಂದ್ರ ಜಮೀನು ಕೊಟ್ಟಿತ್ತು. ನೆವಾಡಕ್ಕೆ ಸಿಕ್ಕಿದ್ದು ಸುಮಾರು 27 ಲಕ್ಷ ಎಕರೆ. ಈಗ ಉಳಿದಿರುವುದು ಮೂರು ಸಾವಿರ ಎಕರೆಯ ಆಸುಪಾಸು. ಐಡಾಹೊ 17 ಲಕ್ಷ ಎಕರೆ ಮಾರಿದೆ. ಟೆಕ್ಸಸ್ 1845ರಲ್ಲಿ ಸೇರುವಾಗಲೇ ತನ್ನ ಜಮೀನನ್ನು ತಾನೇ ಇಟ್ಟುಕೊಂಡಿತು, ಆಮೇಲೆ ಹಂಚಿ, ಮಾರಿ ಮುಗಿಸಿತು. ಇವತ್ತು ಅಲ್ಲಿ ಬಹುಪಾಲು ನೆಲ ಖಾಸಗಿ. ಬೇಟೆಯಾಡಬೇಕೆಂದರೆ ಸಾಮಾನ್ಯವಾಗಿ ರ್‍ಯಾಂಚ್ ಮಾಲೀಕನಿಗೆ ಗುತ್ತಿಗೆ ದುಡ್ಡು ಕಟ್ಟಬೇಕು. ಟೆಕ್ಸಸ್‌ನಲ್ಲಿ ಜಿಂಕೆಗೇನೂ ಬರ ಇಲ್ಲ.

ಕೇಂದ್ರ ಬೇಡ, ಜಮೀನು ರಾಜ್ಯಕ್ಕೆ ಕೊಡಿ ಅನ್ನುವ ಕೂಗಿಗೂ ಇದೇ ಇತಿಹಾಸ ಅಡ್ಡ ಬರುತ್ತದೆ. 2024ರ ಆಗಸ್ಟ್‌ನಲ್ಲಿ ಯೂಟಾ 1.85 ಕೋಟಿ ಎಕರೆ ಬಿಎಲ್ಎಂ ಜಮೀನಿನ ಮೇಲೆ ನೇರವಾಗಿ ದೇಶದ ಸುಪ್ರೀಂ ಕೋರ್ಟಿಗೆ ಹೋಗಿತ್ತು. 2025ರ ಜನವರಿಯಲ್ಲಿ ಕೋರ್ಟು ಅದನ್ನು ಕೈಗೆತ್ತಿಕೊಳ್ಳಲು ಒಪ್ಪಲಿಲ್ಲ. ಶಾಲೆಗೆಂದು ರಾಜ್ಯಗಳಿಗೆ ಸಿಕ್ಕ ಆ ಟ್ರಸ್ಟ್ ಜಮೀನಿಗೆ ಕಾನೂನಿನಲ್ಲೇ ಒಂದು ಗಂಟು ಇದೆ: ಅದರಿಂದ ಶಾಲೆಗಳಿಗೆ ದುಡ್ಡು ಬರಬೇಕು. ಗ್ರ್ಯಾಂಡ್ ಟೀಟನ್ ರಾಷ್ಟ್ರೀಯ ಉದ್ಯಾನದ ಒಳಗೆ ವಯೋಮಿಂಗ್ ರಾಜ್ಯದ ಕೆಲ್ಲಿ ಅನ್ನುವ 640 ಎಕರೆಯ ಒಂದೇ ಚೌಕ ಇತ್ತು. ಜಿಂಕೆಯ ಹಾಗೆ ಕಾಣುವ ಪ್ರಾಂಗ್‌ಹಾರ್ನ್‌ಗಳು ಓಡಾಡುವ ದಾರಿ. ಹರಾಜಿಗೆ ಹಾಕಿ ಐಷಾರಾಮಿ ಬಂಗಲೆಗಳಿಗೆ ಬಿಡುವ ಮಾತು ನಡೆದಿತ್ತು. ಜನ ಗಲಾಟೆ ಮಾಡಿದರು. ಕೊನೆಗೆ 2024ರ ಡಿಸೆಂಬರ್‌ನಲ್ಲಿ 10 ಕೋಟಿ ಡಾಲರ್ ಕೊಟ್ಟು ಕೇಂದ್ರವೇ ಕೊಂಡುಕೊಂಡಿತು, ಅದರಲ್ಲೂ ಒಂದು ಪಾಲು ದಾನಿಗಳ ದುಡ್ಡು.

ಹಾಗಂತ ಮಾರಾಟವೇ ಪಾಪ ಅನ್ನಲಾರೆ. ಲಾಸ್ ವೇಗಸ್ ಸುತ್ತ ಕೇಂದ್ರದ ಜಮೀನು ಊರಿನ ಕುತ್ತಿಗೆಗೆ ಉರುಳಿನ ಹಾಗಿದೆ, ಬೆಳೆಯಲು ಜಾಗ ಇಲ್ಲ. ಅದಕ್ಕೆ 1998ರಲ್ಲೇ ಬೇರೆ ಕಾನೂನು ಮಾಡಿ, ಅಲ್ಲಿ ಗುರುತಿಸಿದ ಗಡಿಯೊಳಗೆ ಹರಾಜು ಹಾಕುತ್ತಾ ಬಂದಿದ್ದಾರೆ. ಆ ದುಡ್ಡಿನ ದೊಡ್ಡ ಪಾಲು ನೆವಾಡದಲ್ಲೇ ಪಾರ್ಕು, ಕಾಲುದಾರಿ, ಪರಿಸರ ಸೂಕ್ಷ್ಮ ಜಮೀನು ಖರೀದಿಗೆ ಖರ್ಚಾಗುತ್ತದೆ. 1976ರ ಭೂ ನೀತಿ ಕಾನೂನೂ ಅಷ್ಟೇ. ಜಮೀನು ಸಾಮಾನ್ಯವಾಗಿ ಸರ್ಕಾರದಲ್ಲೇ ಉಳಿಯಬೇಕು ಅನ್ನುತ್ತದೆ. ಸ್ಥಳೀಯ ಯೋಜನೆ ಮಾಡಿ, ಬೇಡದ ಚೂರುಗಳನ್ನು ಮಾರಲು ದಾರಿಯನ್ನೂ ಬಿಡುತ್ತದೆ. ಬೇಟೆಗಾರರ ಸಂಘಗಳಿಗೂ ಇದಕ್ಕೆ ದೊಡ್ಡ ತಕರಾರಿಲ್ಲ. 2025ರ ಪ್ರಸ್ತಾವ ಬೇರೆ ಜಾತಿಯದ್ದು. ಮೊದಲೇ ಇಷ್ಟು ಎಕರೆ ಅಂತ ಗುರಿ, ಐದು ವರ್ಷದ ಗಡುವು, ಹುಡುಕಾಟ ಆಮೇಲೆ. ಅದನ್ನು ತುರುಕಿದ್ದೂ ಬಜೆಟ್ ಮಸೂದೆಯಲ್ಲಿ, ಪ್ರತ್ಯೇಕ ಚರ್ಚೆ ಇಲ್ಲದೆ. ಸಾಲ ತೀರಿಸಲು ಗದ್ದೆ ಮಾರುವವನಿಗೆ ಯಾವ ಗದ್ದೆ ಅಂತ ನೋಡುವ ವ್ಯವಧಾನ ಇರುವುದಿಲ್ಲ.

ಇದನ್ನು ತಡೆದದ್ದು ಯಾರು ಅನ್ನುವುದು ನನಗೆ ಈ ಕಥೆಯ ಮಜಾ ಇರುವ ಭಾಗ. ಪರಿಸರವಾದಿಗಳು ಇದ್ದರು, ಸರಿ. ಆದರೆ ಸೆನೆಟರ್‌ಗಳ ಫೋನು ಹೊಡೆದುಕೊಂಡಿದ್ದು ಟ್ರಂಪ್‌ಗೇ ವೋಟು ಹಾಕಿದ ಎಷ್ಟೋ ಜನರಿಂದಲೂ. ಬಂದೂಕು ಹಿಡಿಯುವವರು, ಪಿಕಪ್ ಟ್ರಕ್ ಓಡಿಸುವವರು. ಮೇ ತಿಂಗಳಲ್ಲೇ ಕೆಳಮನೆಯಲ್ಲಿ ನೆವಾಡ, ಯೂಟಾದ ಸುಮಾರು 5 ಲಕ್ಷ ಎಕರೆ ಮಾರುವ ತಿದ್ದುಪಡಿ ಬಂದಾಗ ಮೊಂಟಾನದ ರಿಪಬ್ಲಿಕನ್ ಸದಸ್ಯ ರಾಯನ್ ಝಿಂಕಿ ಒಪ್ಪಲಿಲ್ಲ, ಅದು ಬಿದ್ದುಹೋಯಿತು. ಝಿಂಕಿ ಯಾರೆಂದರೆ ಟ್ರಂಪ್ ಮೊದಲ ಅವಧಿಯಲ್ಲಿ ಇದೇ ಜಮೀನು ನೋಡಿಕೊಳ್ಳುವ ಇಲಾಖೆಯ ಮಂತ್ರಿ. ಜೂನ್‌ನಲ್ಲಿ ಐಡಾಹೊ, ಮೊಂಟಾನದ ರಿಪಬ್ಲಿಕನ್ ಸೆನೆಟರ್‌ಗಳೂ ಬೇಡ ಅಂದರು. ಸೆನೆಟ್ ನಿಯಮದ ಅಧಿಕಾರಿ ಮೊದಲ ಪ್ರಸ್ತಾವವನ್ನು ನಿಯಮಕ್ಕೆ ಹೊಂದುವುದಿಲ್ಲ ಅಂತ ತಳ್ಳಿಹಾಕಿದರು. ಜೂನ್ 28ರಂದು ಲೀ ಪೂರ್ತಿ ಹಿಂತೆಗೆದುಕೊಂಡರು. ಜಮೀನು ಅಮೆರಿಕದ ಕುಟುಂಬಗಳಿಗೇ ಹೋಗುತ್ತದೆ, ಚೀನಾ ಅಥವಾ ಬ್ಲ್ಯಾಕ್‌ರಾಕ್ ಅನ್ನುವ ದೊಡ್ಡ ಹೂಡಿಕೆ ಕಂಪನಿಯ ಪಾಲಾಗುವುದಿಲ್ಲ ಅಂತ ಖಾತರಿ ಬರೆಯಲು ಆಗಲಿಲ್ಲ ಅನ್ನುವುದು ಅವರು ಕೊಟ್ಟ ಕಾರಣ. ವಿರೋಧಿಸಿದವರೂ ಹೆಚ್ಚುಕಡಿಮೆ ಅದನ್ನೇ ಹೇಳುತ್ತಿದ್ದರು, ಬಿಡಿ.

ಇದು ಮೊದಲ ಸಲವೂ ಅಲ್ಲ. 2017ರಲ್ಲಿ ಯೂಟಾದವರೇ ಆದ ಕೆಳಮನೆ ಸದಸ್ಯ ಜೇಸನ್ ಚಾಫೆಟ್ಸ್ 33 ಲಕ್ಷ ಎಕರೆ ಮಾರುವ ಮಸೂದೆ ತಂದು, ಬೇಟೆಗಾರರ ಬೈಗುಳ ತಿಂದು, ಕೆಲವೇ ದಿನದಲ್ಲಿ ವಾಪಸ್ ತೆಗೆದುಕೊಂಡಿದ್ದರು. ಆ ಸುದ್ದಿ ಹೇಳಲು ಇನ್‌ಸ್ಟಾಗ್ರಾಂನಲ್ಲಿ ಹಾಕಿದ್ದು ಬೇಟೆಯ ದಿರಿಸಿನಲ್ಲಿ ನಾಯಿ ಹಿಡಿದುಕೊಂಡು ನಿಂತ ತಮ್ಮದೇ ಫೋಟೊ. 2017ರಲ್ಲಿ 33 ಲಕ್ಷ, 2025ರಲ್ಲೂ ಮೇಲಿನ ಮಿತಿ 33 ಲಕ್ಷ. ಇನ್ನೊಮ್ಮೆ ಬರುವುದಿಲ್ಲ ಅಂತ ಯಾವ ಬೇಟೆಗಾರನೂ ನಂಬಿಲ್ಲ. ಮನೆ ಕಟ್ಟಲು ಕೇಂದ್ರದ ಯಾವ ಜಮೀನು ಕೊಡಬಹುದು ಅಂತ ಹುಡುಕಲು ಆಂತರಿಕ ಇಲಾಖೆಯೂ ವಸತಿ ಇಲಾಖೆಯೂ 2025ರ ಮಾರ್ಚ್‌ನಲ್ಲಿ ಜಂಟಿ ಕಾರ್ಯಪಡೆ ಘೋಷಿಸಿದ್ದವು. ಅದು ಮಸೂದೆಯ ಜೊತೆ ಸಾಯಲಿಲ್ಲ.

ಇನ್ನು ಏಣಿಯ ಕಥೆ. 2025ರ ಮಾರ್ಚ್‌ನಲ್ಲಿ ಹತ್ತನೇ ಸರ್ಕ್ಯೂಟ್, ಅಂದರೆ ಆರು ರಾಜ್ಯಗಳ ವಲಯದ, ಮೇಲ್ಮನವಿ ಕೋರ್ಟು ಬೇಟೆಗಾರರ ಪರ ತೀರ್ಪು ಕೊಟ್ಟಿತು. ಅದಕ್ಕೆ ಆಧಾರ ಮಾಡಿಕೊಂಡದ್ದು 1885ರ ಒಂದು ಹಳೇ ಕಾನೂನು. ದನದ ದೊರೆಗಳು ಸರ್ಕಾರಿ ಜಮೀನಿಗೆ ಬೇಲಿ ಹಾಕಿಕೊಳ್ಳುವುದನ್ನು ತಡೆಯಲು ಮಾಡಿದ್ದು. ಖಾಸಗಿ ಮಣ್ಣು ತುಳಿಯದೆ ಮೂಲೆ ದಾಟುವವರನ್ನು ಮಾಲೀಕ ತಡೆಯುವ ಹಾಗಿಲ್ಲ. ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಮಾಲೀಕರ ಅರ್ಜಿ ಕೇಳಲು ಒಪ್ಪಲಿಲ್ಲ. ತೀರ್ಪು ನಿಂತಿತು. ಆದರೆ ಅದು ಅನ್ವಯಿಸುವುದು ವಯೋಮಿಂಗ್, ಕೊಲರಾಡೊ, ಯೂಟಾ, ನ್ಯೂ ಮೆಕ್ಸಿಕೊ, ಕ್ಯಾನ್ಸಸ್, ಓಕ್ಲಹೋಮ ಈ ಆರು ರಾಜ್ಯಗಳಿಗೆ ಮಾತ್ರ. ಮೊಂಟಾನ ಒಂಬತ್ತನೇ ಸರ್ಕ್ಯೂಟ್‌ಗೆ ಸೇರಿದ್ದು. ಮೂಲೆ ದಾಟುವುದು ನಮ್ಮಲ್ಲಿ ಈಗಲೂ ಕಾನೂನುಬಾಹಿರ ಅಂತ ಅಲ್ಲಿನ ಅಧಿಕಾರಿಗಳು ಹೇಳಿದ್ದಾರೆ. ವಯೋಮಿಂಗ್‌ನಲ್ಲಿ ಹಗಲುಹೊತ್ತೇ ಏಣಿ ಇಟ್ಟು ಮೂಲೆ ದಾಟಿದವನು ಗಾಡಿಯಲ್ಲಿ ಉತ್ತರಕ್ಕೆ ಹೋಗಿ, ರಾಜ್ಯದ ಗಡಿ ದಾಟಿ, ಅಂಥದ್ದೇ ಇನ್ನೊಂದು ಮೂಲೆಯಲ್ಲಿ ಅದೇ ಏಣಿ ಇಳಿಸಿದರೆ ದಂಡದ ಚೀಟಿ ಸಿಗಬಹುದು.